ಹೆಸರು ಬರೆಯದ ಡಬ್ಬಿ

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು, ಬಲಗಡೆ ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಪಕ್ಕ, ಒಡೆದ ಗಾಜಿನಂಥ ಆ ಅಂಚಿಗೆ, ಹೋಗಬೇಡ ಅಂದಷ್ಟೂ ಹೋಗುತ್ತದೆ, ನೆಂಟರ ಮುಂದೆ ಬೇಡ ಅಂದದ್ದನ್ನೇ ಮಾಡುವ ಮಗುವಿನ ಹಾಗೆ, ಹೋಗಿ ಸವರಿ ಉಪ್ಪುಪ್ಪು ರುಚಿ ಹೊತ್ತು ತಂದು ಮತ್ತೆ ಹೋಗುತ್ತದೆ — ಎದುರಿನ ಗೋಡೆಗೆ ಹೊಸ ಬಣ್ಣ, ತಿಳಿಹಸಿರು, ಬಳಿದವನು ಸ್ವಿಚ್ಚಿನ ಸುತ್ತ ಅವಸರ ಮಾಡಿದ್ದಾನೆ, ಒಂದು ಹನಿ ಇಳಿದು ಅಲ್ಲೇ ಗಟ್ಟಿಯಾಗಿದೆ, ಅವಳ ಕೈಗೆ ಸಿಕ್ಕಿದ್ದರೆ ಆ ಹನಿಯನ್ನು ಚೂಪು ಚಾಕುವಿನಲ್ಲಿ ಕೆರೆದು ಮರಳುಕಾಗದದಲ್ಲಿ ಉಜ್ಜಿ ಬೆರಳಿಗೆ ತಾಗದಷ್ಟು ನುಣುಪು ಮಾಡುತ್ತಿದ್ದಳು, ಹಲ್ಲು ಕಟ್ಟುವವರ ಕಣ್ಣೇ ಹಾಗೆ, ಎಲ್ಲಿ ಎದ್ದಿದೆ ಎಲ್ಲಿ ತಗ್ಗಿದೆ ಅಂತಲೇ ನೋಡುವುದು. ಪಕ್ಕದಲ್ಲಿ ಅತ್ತೆ. ನೆಟ್ಟಗೆ ಕೂತ್ಕೋಳೇ, ಕಾಲು ಕುಣಿಸಬೇಡ, ಇವತ್ತು ನಮ್ಮ ದಿನ. ಕಾಲು ಕುಣಿಯುತ್ತಿದೆಯೆ, ಹೌದು ಕುಣಿಯುತ್ತಿದೆ, ಅವಳು ಅಂಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದಳು, ಈಗ ಅಂಗೈ ಕುಣಿಯತೊಡಗಿತು. ಗೋಡೆಯ ಗಡಿಯಾರ ಹತ್ತಕ್ಕೆ ಐದು ನಿಮಿಷ ಅನ್ನುತ್ತಿದೆ, ಹತ್ತಕ್ಕೆ ಒಳಗಿನ ಹಾಲಿನ ಬಾಗಿಲು ತೆರೆಯುತ್ತದೆ, ಚಟ ಬಿಡಿಸುವ ಈ ಕೇಂದ್ರದಲ್ಲಿ ತೊಂಬತ್ತು ದಿನ ಮುಗಿಸಿದವರು ಸಾಲಾಗಿ ನಿಲ್ಲುತ್ತಾರೆ, ಗಂಡ ಎಡದಿಂದ ಎರಡನೆಯವನು, ಅವನ ಎದೆಗೆ ಅವಳು ತಗಡಿನ ಬಿಲ್ಲೆ ಚುಚ್ಚಿ ಎರಡು ಮಾತಾಡಬೇಕು. ಎರಡೇ ಮಾತು. ಎರಡು ಮಾತಾಡಬೇಕಾದರೆ ಬಾಯಿ ತೆರೆಯಬೇಕು, ಬಾಯಿ ತೆರೆಯಬೇಕಾದರೆ ಕರವಸ್ತ್ರ ಕೆಳಗಿಳಿಸಬೇಕು, ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗಾದೆ ಮಾಡಿದವನಿಗೆ ಅವಳ ಹಲ್ಲಿನ ಸಂಗತಿ ಯಾರು ಹೇಳಿದ್ದರೋ. ಆದರೆ ಚೀಲದಲ್ಲಿ ಡಬ್ಬಿ ಇದೆ. ಡಬ್ಬಿ ಇದೆ, ಡಬ್ಬಿ ಇದೆ. ಒಂದು ಚಿಟಿಕೆ, ಉಗುರಿನ ತುದಿಯಷ್ಟು, ಅಷ್ಟಾದರೆ ಕೈ ನಿಲ್ಲುತ್ತದೆ, ಕಾಲು ನಿಲ್ಲುತ್ತದೆ, ಮಾತು ತಾನಾಗಿ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಎಂಥಾ ಹೆಂಡತಿ ಅನ್ನುತ್ತಾರೆ.

ಗೇಟಿನಲ್ಲಿ ಕಾವಲಿನ ಹೆಂಗಸು ಎಲ್ಲರ ಫೋನನ್ನೂ ಇಸಿದುಕೊಂಡು ಗೂಡಿನಲ್ಲಿಟ್ಟು ಬೀಗ ಹಾಕಿದಳು, ಚೀಲಕ್ಕೆ ಕೈ ಹಾಕಿ ತಡಕಿದಳು, ಬಿಳಿ ಡಬ್ಬಿ, ನೀಲಿ ಮುಚ್ಚಳ, ಇದೇನಮ್ಮಾ, ಕಟ್ಟಿದ ಹಲ್ಲು, ನನ್ನ ಕೆಲಸದ್ದು, ಅಯ್ಯೋ ಮುಚ್ಚಮ್ಮಾ ಮುಚ್ಚು, ಬೆಳಬೆಳಿಗ್ಗೆ ಯಾರ ಬಾಯಿ ತೋರಿಸ್ತೀಯ, ಮುಚ್ಚಿಯೇ ಇದೆಯಲ್ಲ ಅಕ್ಕ ಅಂತ ಅವಳು ನಕ್ಕಳು, ಕರವಸ್ತ್ರದೊಳಗೆ. ಜಗತ್ತಿನಲ್ಲಿ ಯಾರೂ ಬಿಚ್ಚಿ ನೋಡದ ಡಬ್ಬಿ ಅದೊಂದೇ, ಕಂಡವರ ಹಲ್ಲಿನ ಡಬ್ಬಿ. ಅತ್ತೆ ಮನೆಯಲ್ಲಿ ಅಕ್ಕಿಡಬ್ಬ ಸೋಸುತ್ತಾರೆ, ಹಾಸಿಗೆ ಕೊಡವುತ್ತಾರೆ, ಮಗನ ಪ್ಯಾಂಟಿನ ಜೇಬು ಒಳಮಗ್ಗುಲು ಹೊರಗೆಳೆದು ಮೂಸುತ್ತಾರೆ, ಆದರೆ ಕಿಟಕಿಯ ಪಕ್ಕದ ಅವಳ ಕೆಲಸದ ಮೇಜಿನ ಹತ್ತಿರ ಸುಳಿಯುವುದಿಲ್ಲ, ಯಾರ್ಯಾರದೋ ಎಂಜಲು, ಮುಟ್ಟಿದರೆ ಸ್ನಾನ ಮಾಡಬೇಕು. ಮೇಜಿನ ಮೇಲೆ ಸಾಲಾಗಿ ಡಬ್ಬಿಗಳು, ಒಂದೇ ಅಳತೆ, ಒಂದೇ ನೀಲಿ, ಪ್ರತಿ ಮುಚ್ಚಳದ ಮೇಲೂ ಅಂಟುಪಟ್ಟಿ, ಪಟ್ಟಿಯ ಮೇಲೆ ಹೆಸರು. ಹೆಸರಿಲ್ಲದ ಡಬ್ಬಿ ಅಲ್ಲಾಡಬಾರದು, ಇದು ಹಲ್ಲು ಕಟ್ಟುವ ಅಂಗಡಿಯ ಮೊದಲ ಪಾಠ, ಮೇಸ್ತ್ರಿ ಹೇಳಿಕೊಟ್ಟದ್ದು, ಹದಿನಾಲ್ಕು ವರ್ಷದಿಂದ ಅವಳೂ ಹೊಸಬರಿಗೆ ಹೇಳುತ್ತ ಬಂದದ್ದು, ಹೆಸರು ಬರೀದೆ ಡಬ್ಬಿ ಇಟ್ಟೋರ ಕೈ ಕಡೀತೀನಿ, ತಾತನ ಹಲ್ಲು ಅಜ್ಜಿಗೆ ಹೋದ್ರೆ ಇಬ್ಬರೂ ಒಟ್ಟಿಗೆ ನಗೋಕಾಗಲ್ಲ. ಮೇಸ್ತ್ರಿ ತಮಾಷೆಯ ಮನುಷ್ಯ, ಹಲ್ಲಿದ್ದೋರಿಗೆ ಕಡಲೆ ಕೊಡೋದು ದೇವರ ಪಾಡು, ಕಡಲೆ ಇದ್ದೋರಿಗೆ ಹಲ್ಲು ಕೊಡೋದು ನಮ್ಮ ಪಾಡು ಅನ್ನುತ್ತಿದ್ದ. ಕಲಿಯಲು ಸೇರಿದ ಮೊದಲ ವಾರ ಎಲ್ಲರೂ ತಮ್ಮ ತಮ್ಮ ಬಾಯಿಯದೇ ಪ್ಲಾಸ್ಟರ್ ಅಚ್ಚು ತೆಗೆಯಬೇಕಿತ್ತು, ಅವಳದು ಆರಿದಾಗ ಮೇಸ್ತ್ರಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ್ದ, ಹುಡುಗೀ, ಇದನ್ನ ಗೂಡಲ್ಲಿಡು, ಮುಂದಿನವರಿಗೆ ತೋರಿಸೋಕೆ, ಇಂಥಾ ಸಾಲು ನಾನು ಕಟ್ಟಿದ್ರೂ ಬರಲ್ಲ. ಆ ಅಚ್ಚು ಇನ್ನೂ ಗೂಡಿನಲ್ಲಿದೆ. ಕಳೆದ ತಿಂಗಳು ಎಲ್ಲರೂ ಊಟಕ್ಕೆ ಹೋದಾಗ ಅವಳು ಮತ್ತೊಂದು ತೆಗೆದಳು, ಪಕ್ಕಪಕ್ಕ ಇಟ್ಟಳು, ಹೊಸದರಲ್ಲಿ ಆರು ಕಡೆ ತೂತು, ಮೂರು ಕಡೆ ಮೊಟಕು, ಸುತ್ತಿಗೆ ತಗೊಂಡು ಒಂದನ್ನು ಪುಡಿ ಮಾಡಬೇಕಾಯಿತು, ಯಾವುದನ್ನು ಅಂತ ಒಂದು ಕ್ಷಣ ಕೈ ಅನುಮಾನಿಸಿತು.

ಪುಡಿ. ಲಾರಿಯವರು ಪುಡಿ ಅನ್ನುವುದಿಲ್ಲ, ಎಚ್ಚರ ಅನ್ನುತ್ತಾರೆ, ಒಂಚೂರು ಎಚ್ಚರ ಇದೆಯೇನೋ ಅಣ್ಣಾ. ಗಂಡ ಮೂರು ದಿನದ ಹಾದಿಯನ್ನು ಎರಡು ದಿನದಲ್ಲಿ ಓಡಿಸಿ ಬರುತ್ತಿದ್ದ, ಕಣ್ಣು ಕೆಂಪು, ಬಾಯಿ ತುಂಬ ಮಾತು. ಆಗ ಮಗಳು ಗುಬ್ಬಿಗೆ ಏಳು ತಿಂಗಳು, ಹಾಲು ಕುಡಿದು ಕುಡಿದು ಅಳುವುದು, ಅತ್ತು ಅತ್ತು ಕುಡಿಯುವುದು, ಮೇಜಿನ ಮೇಲೆ ಹನ್ನೊಂದು ಸೆಟ್ಟು ಹಲ್ಲು ಕಾಯುತ್ತಿತ್ತು, ಮೇಣದಲ್ಲಿ ಹಲ್ಲು ಕೂರಿಸುತ್ತ ಅವಳು ಹಾಗೇ ಮುಂದಕ್ಕೆ ಬಾಗಿ ನಿದ್ದೆಹೋಗಿ ಹಣೆಗೆ ಯಾರದೋ ಮುಂಗಡೆಯ ನಾಲ್ಕು ಹಲ್ಲು ಅಚ್ಚೊತ್ತಿತ್ತು, ಅವನು ನೋಡಿ ನಕ್ಕ, ಪಾಪ ಅನಿಸಿರಬೇಕು, ಕೆಟ್ಟ ಮನಸ್ಸಿನಿಂದ ಅಲ್ಲ, ಪ್ರೀತಿಯಿಂದಲೇ, ತಗೋ ಮಾರಾಯ್ತಿ ಒಂದು ಚಿಟಿಕೆ, ಕೆಲಸ ಮುಗಿಯುತ್ತೆ. ಮುಗಿಯಿತು. ಹನ್ನೊಂದು ಸೆಟ್ಟೂ ಮುಗಿಯಿತು, ಪಾತ್ರೆ ತೊಳೆದಾಯಿತು, ಗುಬ್ಬಿಯ ಬಟ್ಟೆ ಒಗೆದು ಹಿಂಡಿ ಹರಡಿ ಆಯಿತು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದಳು, ಆಮೇಲೆ ಇನ್ನೇನಿದೆ ಒರೆಸಲು ಅಂತ ನಡುಮನೆಯಲ್ಲಿ ನಿಂತಳು. ಮೊದಲ ಸಲ ಯಾರೂ ಅವಳನ್ನು ಸೋಮಾರಿ ಅನ್ನಲಿಲ್ಲ. ಹೆತ್ತ ಮೈ ಇಳಿಯಿತು, ಪಕ್ಕದ ಮನೆಯವಳು ಏನ್ ತಿಂತೀರಿ ಹೇಳ್ರೀ ನಮಗೂ ಅಂದಳು, ಅತ್ತೆ ಕೂಡ, ಹೆತ್ತ ಮೇಲೆ ನಮ್ಮ ಸೊಸೆ ಬೆತ್ತದ ಹಾಗಾದಳು ಅಂತ ಬಂದವರಿಗೆಲ್ಲ ತೋರಿಸಿದರು. ಅವನಿಗೆ ಜಾರಿ ತಳಕ್ಕೆ ಹೋಗಲು ಆರು ವರ್ಷ ಹಿಡಿಯಿತು, ಅವಳಿಗೆ ಹತ್ತು ತಿಂಗಳು. ಅವನು ಬಿದ್ದಾಗ ಸದ್ದಾಯಿತು, ಟಿವಿ ಒಡೆದ, ಬೀದಿಯಲ್ಲಿ ನಿಂತು ಯಾರೋ ಹಿಂಬಾಲಿಸ್ತಿದ್ದಾರೆ ಅಂತ ಕೂಗಿದ, ಮಾಲೀಕರು ಲಾರಿಯ ಬೀಗದ ಕೈ ಕಿತ್ತುಕೊಂಡರು, ನಾಲ್ಕು ಜನ ಹೊತ್ತು ತಂದು ಈ ಗೇಟಿನೊಳಗೆ ಇಳಿಸಿದರು. ಅವಳು ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ, ಬಿದ್ದ ಕಡೆಯಿಂದಲೇ ಪಾತ್ರೆ ತೊಳೆಯುತ್ತಿದ್ದಳಲ್ಲ. ಅವನು ಒಳಗೆ ಸೇರಿದ ಮಾರನೆಯ ದಿನ ಅವನ ಜೊತೆಯ ಡ್ರೈವರು ಹಿತ್ತಿಲ ಬಾಗಿಲಿಗೆ ಬಂದ, ಅತ್ತಿಗೆ, ಅಣ್ಣ ಬಿಟ್ರಂತೆ, ಒಳ್ಳೇದಾಯ್ತು, ನಿಮಗೆ ಬೇಕಾದ್ರೆ ಹೇಳಿ, ಅಣ್ಣಂಗೆ ಹೇಳಲ್ಲ.

ಇಲ್ಲಿಗೆ ಪ್ರತಿ ಶನಿವಾರ ಬಂದಿದ್ದಾಳೆ, ಹದಿಮೂರು ಶನಿವಾರ, ಮನೆಯವರ ತರಗತಿ ಅಂತ, ಕಬ್ಬಿಣದ ಕುರ್ಚಿಗಳ ತುಂಬ ಹೆಂಡಂದಿರು, ಅಮ್ಮಂದಿರು, ಅಕ್ಕಂದಿರು, ಊಟದ ಡಬ್ಬಿ ಕಟ್ಟಿಕೊಂಡು ಬಂದವರು, ಇಸ್ತ್ರಿ ಮಾಡಿದ ಅಂಗಿ ತಂದವರು, ಮುಂದಿನ ಸಾಲಿನಲ್ಲಿ ಕೂತು ಅವಳು ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು, ಕೌನ್ಸೆಲರ್ ಮೇಡಂ ಎಲ್ಲರಿಗೂ ತೋರಿಸುತ್ತಿದ್ದರು, ನೋಡಿ, ಇವರ ಹಾಗೆ ಆಸಕ್ತಿ ಇರಬೇಕು. ಸೇರಿಸುವಾಗ ತುಂಬಿದ ಅರ್ಜಿಯಲ್ಲಿ ಕೊನೆಗೆ ಅಚ್ಚು ಹಾಕಿಯೇ ಬಿಟ್ಟಿದ್ದಾರೆ, ರೋಗಿಯ ಹೆಂಡತಿಯ ಸಹಿ. ಗಂಡನ ಸಹಿ ಅಂತ ಎಲ್ಲಿಯೂ ಇಲ್ಲ. ನಲವತ್ತು ಹಾಸಿಗೆ ಗಂಡಸರಿಗೆ, ಹೆಂಗಸರಿಗೆ ಎರಡು, ಅದೂ ಮೊದಲು ಹಾಸಿಗೆ ಹೊದಿಕೆ ತುಂಬುತ್ತಿದ್ದ ಉಗ್ರಾಣದ ಕೋಣೆ, ಆ ಎರಡರಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ ಕೋರ್ಟಿನ ಟೈಪಿಸ್ಟು. ಅಗೋ ಅಲ್ಲಿ, ಮೊಗಸಾಲೆಯ ಕೊನೆಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು, ಮಡಿಲಲ್ಲಿ ಬೆರಳುಗಳು ತಾವಾಗಿ ಟೈಪು ಮಾಡುತ್ತ. ಅವಳ ಅರ್ಜಿಯಲ್ಲಿ ಹೆಂಡತಿಯ ಅನ್ನುವುದನ್ನು ಹೊಡೆದು ಹಾಕಿ ಅಣ್ಣನ ಅಂತ ಪೆನ್ನಿನಲ್ಲಿ ಬರೆದಿದ್ದಾರಂತೆ. ಹದಿಮೂರು ಶನಿವಾರದಲ್ಲಿ ಅವಳನ್ನು ನೋಡಲು ಯಾರೂ ಬಂದದ್ದು ಕಾಣೆ. ನೋಡೇ, ಅತ್ತೆ ಮೊಣಕೈಯಲ್ಲಿ ತಿವಿಯುತ್ತಾರೆ, ಹೆಂಗಸಾಗಿ, ಥೂ. ನನ್ನ ಮಗನೂ ಬಿದ್ದ, ಇಲ್ಲ ಅನ್ನಲ್ಲ, ಗಂಡಸು, ಕೆಸರು ಕಂಡಲ್ಲಿ ತುಳಿದ, ನೀರು ಕಂಡಲ್ಲಿ ತೊಳ್ಕೊಂಡ. ಇವಳೇನು ತೊಳ್ಕೋತಾಳೆ. ಮಕ್ಕಳನ್ನ ಆ ಗಂಡ ಕಿತ್ಕೊಂಡದ್ದೇ ಸರಿ, ನಾನಾಗಿದ್ರೂ ಕಿತ್ಕೋತಿದ್ದೆ. ಹೌದು ಅತ್ತೆ. ಅವಳ ಬಾಯಿಂದ ಹೌದು ಅತ್ತೆ ಅನ್ನುವುದು ಹೇಗೆ ಬರುತ್ತದೋ ಹಾಗೇ ಬಂತು, ಹಲ್ಲು ಕಾಣಿಸದ ಹಾಗೆ, ತುಟಿಯಿಂದಷ್ಟೇ. ಮೇಡಂ ಒಮ್ಮೆ ಹಲಗೆಯ ಮೇಲೆ ಎರಡು ಗೆರೆ ಎಳೆದಿದ್ದರು, ಒಂದು ಇಳಿಜಾರು, ಒಂದು ಪ್ರಪಾತ, ಇದು ಗಂಡಸರದು, ಇದು ಹೆಂಗಸರದು, ತಡವಾಗಿ ಶುರು ಮಾಡ್ತಾರೆ, ಬೇಗ ಮುಳುಗ್ತಾರೆ, ಈ ಪುಡಿ ಹಲ್ಲನ್ನೂ ತಿನ್ನುತ್ತೆ, ಎಷ್ಟೋ ಸಲ ಕೊಟ್ಟೋನು ಗಂಡನೋ ಗೆಳೆಯನೋ ಆಗಿರ್ತಾನೆ, ತಿಂಗಳ ಏರಿಳಿತದ ಜೊತೆ ಆಸೆನೂ ಏರಿಳಿಯುತ್ತೆ, ಮಕ್ಕಳು ಹೋದಾವು ಅನ್ನೋ ಭಯಕ್ಕೆ ಕೊನೇವರೆಗೂ ಇಲ್ಲಿಗೆ ಬರಲ್ಲ, ಆದ್ರೆ ಬಂದೋರು ನಿಲ್ತಾರೆ, ಗಂಡಸರಷ್ಟೇ ನಿಲ್ತಾರೆ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು, ಬೇರೆ ಯಾರದೋ ಬಾಯಿಯ ಅಳತೆ ಬರೆದುಕೊಂಡ ಹಾಗೆ. ತರಗತಿ ಮುಗಿದ ಮೇಲೆ ಮೇಡಂ ಹತ್ತಿರ ಬಂದು ಮೆಲ್ಲಗೆ, ನಿಮ್ಮ ಹಲ್ಲಿಗೇನಾಯ್ತು ಅಂದರು. ಕೆಲಸದಲ್ಲಿ ಆಸಿಡ್ ಹೊಗೆ ಮೇಡಂ. ಮೇಡಂ ತಲೆಯಾಡಿಸಿದರು, ಎರಡನೆಯ ಹಾಸಿಗೆ ಖಾಲಿ ಇದೆ ಅಂತಷ್ಟೇ ಅಂದರು, ಯಾಕಂದರೋ, ಮಳೆ ಬರೋ ಹಾಗಿದೆ ಅನ್ನುವ ಹಾಗೆ ಅಂದು ಹೋದರು.

ಅತ್ತೆ, ಒಂದು ನಿಮಿಷ, ಬಚ್ಚಲಿಗೆ ಹೋಗಿ ಬರ್ತೀನಿ. ಈಗ್ಲಾ, ಬಾಗಿಲು ತೆಗೆಯೋ ಹೊತ್ತಿಗೆ, ಮೊದಲೇ ಹೋಗಬಾರದಾ, ಹೋಗು ಹೋಗು, ಬೇಗ ಬಾ. ಚಿಲಕ ಹಾಕಿದಳು. ಚಿಲಕ ಸಡಿಲ, ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಚೀಲ, ನಲ್ಲಿ ತೊಟ್ಟಿಕ್ಕುತ್ತಿದೆ, ಟಪ್, ಟಪ್, ಕೈ ಡಬ್ಬಿಗೆ ಸಿಕ್ಕಿತು, ಸಿಕ್ಕ ಕೂಡಲೇ ಎದೆ ಹಗುರ, ಇನ್ನೂ ತೆಗೆದಿಲ್ಲ, ಆಗಲೇ ಹಗುರ, ಮೈ ಎಂಥ ಪೆದ್ದು, ನೀಲಿ ಮುಚ್ಚಳಕ್ಕೆ ಹೆಬ್ಬೆರಳಿನುಗುರು ಸಿಕ್ಕಿಸಿ ಎತ್ತಿದಳು, ಚಟ್ — ಒಂದು ಹಲ್ಲು. ಸಣ್ಣದು. ಅಕ್ಕಿಕಾಳಿನಷ್ಟು. ಹತ್ತಿಯ ಮೇಲೆ ಮಲಗಿದೆ, ಬೆಳ್ಳಗೆ, ಬುಡದಲ್ಲಿ ಒಂದು ಕೆಂಪು ಚುಕ್ಕೆ. ಅವಳು ಹತ್ತಿಯನ್ನು ಎತ್ತಿ ನೋಡಿದಳು, ಕೆಳಗೇನಿಲ್ಲ, ಡಬ್ಬಿ ತಿರುವಿ ನೋಡಿದಳು, ಚೀಲವನ್ನೇ ಮೊಣಕಾಲ ಮೇಲೆ ಕವುಚಿದಳು, ಬಾಚಣಿಗೆ, ಕೀಲಿಕೈ, ಮಡಚಿದ ಕಾಗದ, ಎಲ್ಲಿ, ಎಲ್ಲಿ ಹೋಯಿತು, ನನ್ನದು ಎಲ್ಲಿ, ಇದಲ್ಲ, ಯಾರದಿದು, ಇದು ಬೇಡ, ನನ್ನದು ಕೊಡು — ಹಾಗೆ ಯೋಚಿಸಿದಳು. ಹಾಗೆಯೇ ಯೋಚಿಸಿದಳು, ಮೊದಲು. ಒಂದು ಉಸಿರಿನಷ್ಟು ಹೊತ್ತು ಅವಳು ಬರೀ ಪುಡಿಯನ್ನು ಹುಡುಕಿದಳು, ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಬಾಯಿಂದ ಉದುರಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಇದು ಬೇಡ ಅಂದಳು, ಇದನ್ನು ಯಾರೂ ನೋಡಲಿಲ್ಲ, ನಲ್ಲಿ ನೋಡಿತು, ಟಪ್ ಅಂದಿತು. ಆಮೇಲೆ ಬಂತು. ಮೊದಲು ಬರಬೇಕಾದದ್ದು ಆಮೇಲೆ ಬಂತು. ಇದು ಇಲ್ಲಿದ್ದರೆ, ಅದು.

ನಿನ್ನೆ ಸಂಜೆ ಗುಬ್ಬಿ ಓಡಿ ಬಂದಳು, ಅಮ್ಮಾ ನೋಡು ನೋಡು, ಬಾಯಲ್ಲಿ ರಕ್ತ, ಕೈಯಲ್ಲಿ ಹಲ್ಲು, ಕಣ್ಣಲ್ಲಿ ರಾಜ್ಯ ಗೆದ್ದ ಖುಷಿ, ಸೇಬು ಕಚ್ಚಿದೆ, ಹಲ್ಲು ಸೇಬಲ್ಲೇ ಉಳೀತು. ಇರು ಪುಟ್ಟಾ, ಬಂದೆ. ಬಂದೆ ಅಂದವಳು ಎಷ್ಟು ಹೊತ್ತಿಗೆ ಹೋದಳೋ, ಅವಳು ಒಂದೇ ದವಡೆಯ ಒಂದೇ ಹಲ್ಲನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಉಜ್ಜುತ್ತಿದ್ದಳು, ಹೊಳೆದರೂ ಉಜ್ಜುತ್ತಿದ್ದಳು, ಉಜ್ಜಿ ಉಜ್ಜಿ ಹಲ್ಲಿನ ತಲೆಯೇ ಸವೆದು ಹೋಯಿತು, ತಲೆ ಎತ್ತಿದಾಗ ಗುಬ್ಬಿ ಇನ್ನೂ ಅಲ್ಲೇ ನಿಂತಿತ್ತು, ರಕ್ತ ಒಣಗಿತ್ತು, ಅಮ್ಮಾ ನಂಗೂ ಒಂದು ಡಬ್ಬಿ, ದೊಡ್ಡೋರಿಗೆಲ್ಲ ಕೊಡ್ತೀಯಲ್ಲ. ತಗೋ. ನಾಳೆ ಟೀಚರ್‌ಗೆ ತೋರಿಸ್ತೀನಿ, ಹನ್ನೊಂದು ಗಂಟೆಗೆ ಎಲ್ಲರೂ ಒಂದೊಂದು ವಸ್ತು ತೋರಿಸಬೇಕು, ಅವನು ಚಿಪ್ಪು ತರ್ತಾನೆ, ಇವಳು ಹಳೇ ಗಡಿಯಾರ ತರ್ತಾಳೆ, ನಾನು ಹಲ್ಲು, ನನ್ನ ಹಲ್ಲು. ಮುಚ್ಚಳದ ಮೇಲೆ ನನ್ನ ಹೆಸರು ಬರೀ ಅಮ್ಮಾ, ಅಂಟುಪಟ್ಟಿ ಹಾಕು, ಎಲ್ಲರದಕ್ಕೂ ಹಾಕ್ತೀಯಲ್ಲ. ಬೆಳಿಗ್ಗೆ ಬರೀತೀನಿ, ಮಲಗು. ಬೆಳಿಗ್ಗೆ ಅವಳ ಕೈ ನಡುಗುತ್ತಿತ್ತು, ಅಕ್ಷರ ಬರೆಯುವ ಕೈಯಾಗಿರಲಿಲ್ಲ, ಹೆಸರಿಲ್ಲದ ಡಬ್ಬಿ ಎರಡು, ಕಿಟಕಿಯ ಕಟ್ಟೆಯ ಮೇಲೆ, ಹೆಸರಿಲ್ಲದ ಡಬ್ಬಿ ಅಲ್ಲಾಡಬಾರದು, ಒಂದನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು, ಒಂದನ್ನು ಎತ್ತಿ ಶಾಲೆಯ ಚೀಲಕ್ಕೆ ಹಾಕಿದಳು, ತನ್ನ ಕೈಯಾರೆ, ಮಗುವಿನದಲ್ಲ, ಅತ್ತೆಯದಲ್ಲ, ಈ ಕೈ, ಝಿಪ್ಪು ಎಳೆದು, ಜೋಪಾನ ಹಾಂ, ಅಲ್ಲಾಡಿಸಬೇಡ ಅಂತ ಹೇಳಿ, ಕೆನ್ನೆ ಸವರಿ, ಅತ್ತೆಯ ಕೈಗೆ ಕೊಟ್ಟು ಕಳಿಸಿದಳು. ಗುಬ್ಬಿಗೆ ಡಬ್ಬಿ ಅಂದರೆ ಅಸಹ್ಯವಿಲ್ಲ. ಜಗತ್ತಿನಲ್ಲಿ ಆ ಡಬ್ಬಿಯನ್ನು ಪ್ರೀತಿಯಿಂದ ತೆರೆಯುವ ಜೀವ ಅದೊಂದೇ. ತೆರೆಯುತ್ತದೆ, ಹತ್ತಿ ಇರುವುದಿಲ್ಲ, ಬೆಳ್ಳಗೆ ಹರಳು ಹರಳಾಗಿ ಇರುತ್ತದೆ, ಹಲ್ಲು ಪುಡಿಯಾಗಿಬಿಟ್ಟಿತು ಅಂದುಕೊಳ್ಳುತ್ತದೆ, ಅಳುತ್ತದೆ, ಬೆರಳಿಂದ ಮುಟ್ಟಿ ನೋಡುತ್ತದೆ, ಆ ಬೆರಳು, ಯಾವಾಗಲೂ ಬಾಯಲ್ಲಿರುವ ಆ ಬೆರಳು, ಬಯ್ದರೂ ಬಿಡದ ಆ ಬೆರಳು —

ಬಚ್ಚಲಿನಿಂದ ಹೊರಗೆ ಬಂದಳೆ, ಬಂದಿರಬೇಕು, ತಿಳಿಹಸಿರು ಗೋಡೆ ಬದಿಯಲ್ಲಿ ಓಡುತ್ತಿದೆ, ಗಡಿಯಾರ ಹತ್ತು ಹದಿನೆಂಟು, ಹನ್ನೊಂದಕ್ಕೆ ನಲವತ್ತೆರಡು, ಫೋನು ಗೇಟಿನ ಗೂಡಿನಲ್ಲಿ, ಗೂಡಿನ ಬೀಗ ಕಾವಲಿನವಳ ಸೊಂಟದಲ್ಲಿ, ಕಾವಲಿನವಳು ಚಪ್ಪಾಳೆ ತಟ್ಟಲು ಹಾಲಿನೊಳಗೆ. ಆಟೋ ಹಿಡಿದರೆ, ಶಾಲೆ ಊರಿನ ಆ ತುದಿ, ಸಿಗ್ನಲ್ಲು, ಸೇತುವೆಯ ಕೆಲಸ, ಆಗುವುದಿಲ್ಲ. ಫೋನಿರುವುದು ಮೇಡಂ ಕೋಣೆಯಲ್ಲೊಂದೇ. ಮೇಡಂಗೆ ಏನನ್ನುವುದು. ಮಗಳಿಗೆ ಹುಷಾರಿಲ್ಲ ಅನ್ನುವುದೇ, ಹಾಗಂದರೆ ಡಬ್ಬಿ ತೆರೆಯಬೇಡಿ ಅಂತ ಯಾರು ಹೇಳುತ್ತಾರೆ. ಡಬ್ಬಿ ತೆರೆಯಬೇಡಿ ಅಂದರೆ ಯಾಕೆ ಅನ್ನುತ್ತಾರೆ. ಇಲಿ ಪಾಷಾಣ ಅನ್ನಲೇ, ಪಾಷಾಣವನ್ನು ಹಲ್ಲಿನ ಡಬ್ಬಿಯಲ್ಲಿ ಯಾರಮ್ಮಾ ಇಡ್ತಾರೆ, ಟೀಚರು ಪೊಲೀಸರಿಗೆ ಹೇಳುತ್ತಾರೆ, ಡಬ್ಬಿ ಬರುತ್ತದೆ, ಹೆಸರಿಲ್ಲದ ಡಬ್ಬಿ, ಯಾರದು ಅಂತ ಕೇಳುತ್ತಾರೆ, ಕೇಳುವುದಾದರೂ ಯಾಕೆ, ಮನೆಯಲ್ಲಿ ಅಂಥವನು ಒಬ್ಬ ಇದ್ದಾನೆ ಅಂತ ಬೀದಿಗೇ ಗೊತ್ತು. ಆ ಯೋಚನೆ ಎಷ್ಟು ನುಣುಪಾಗಿ ಒಳಗೆ ಬಂತು, ಚೆನ್ನಾಗಿ ಕಟ್ಟಿದ ಹಲ್ಲಿನ ಸೆಟ್ಟು ವಸಡಿನ ಮೇಲೆ ಕೂತ ಹಾಗೆ, ಎಲ್ಲಿಯೂ ಚುಚ್ಚಲಿಲ್ಲ. ಅವರದು ಮೇಡಂ, ಹಳೇದು, ಎಲ್ಲೋ ಬಚ್ಚಿಟ್ಟಿದ್ರು ಕಾಣುತ್ತೆ. ಅಷ್ಟೇ. ಎಲ್ಲರೂ ನಂಬುತ್ತಾರೆ, ಅವಳ ಕಣ್ಣೀರು ಒರೆಸುತ್ತಾರೆ, ಗುಬ್ಬಿ ಉಳಿಯುತ್ತದೆ, ಗುಬ್ಬಿ ಅವಳ ಹತ್ತಿರವೇ ಉಳಿಯುತ್ತದೆ. ಇಬ್ಬರಲ್ಲಿ ಒಬ್ಬನ ತೊಂಬತ್ತು ದಿನ ಹೋಗುತ್ತದೆ, ಅಷ್ಟೇ. ಮೊದಲ ಚಿಟಿಕೆ ಕೊಟ್ಟವನು ಅವನೇ ಅಲ್ಲವೆ. ಹಾಲಿನ ಬಾಗಿಲಲ್ಲಿ ಅವನು ನಿಂತಿದ್ದ. ದಪ್ಪಗಾಗಿದ್ದಾನೆ, ಕೆನ್ನೆ ತುಂಬಿದೆ, ಕ್ಷೌರ ಮಾಡಿಸಿದ್ದಾನೆ, ಅಂಗಿಯ ಎದೆ ಖಾಲಿ, ಬಿಲ್ಲೆಗೆ ಕಾಯುತ್ತಿದೆ, ಎಲ್ಲಿ ಹೋಗಿದ್ದೆ, ಹೆಸರು ಕೂಗಿದ್ರು, ಬಾ ಅಂತ ನಕ್ಕ, ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. ಅವಳು ಅವನನ್ನು ದಾಟಿ ಮೊಗಸಾಲೆಯ ಕೊನೆಗೆ ನಡೆದಳು, ಮೇಡಂ ಕೋಣೆ ಅಲ್ಲಿ, ಬಾಗಿಲ ಪಕ್ಕ ಟೈಪಿಸ್ಟು ಕೂತಿದ್ದಾಳೆ, ಬೆರಳು ಟೈಪು ಮಾಡುತ್ತಿದೆ. ಆರನೆಯ ಶನಿವಾರವೋ ಏಳನೆಯದೋ ಇದೇ ಕುರ್ಚಿಯಲ್ಲಿ ಟೈಪಿಸ್ಟು ತಾನಾಗಿ ಅಂದದ್ದು, ಯಾರೂ ಪ್ರಶ್ನೆ ಹಾಕಿರಲಿಲ್ಲ, ಹೇಳಿಬಿಟ್ರೆ ಮಕ್ಕಳು ಹೋಗ್ತಾರೆ ಅಂತ ಐದು ವರ್ಷ ಹೇಳಲಿಲ್ಲ ಕಣ್ರೀ, ಹೇಳದೇ ಇದ್ದಾಗಲೇ ಹೋಗಿಬಿಟ್ಟಿದ್ರು, ಒಂದೇ ಮನೇಲಿದ್ವಿ, ನಂಗೆ ಗೊತ್ತಾಗಲಿಲ್ಲ ಅಷ್ಟೆ. ಈಗ ಬೆರಳು ನಿಂತಿತು. ಟೈಪಿಸ್ಟು ಅವಳ ಮುಖ ನೋಡಿದಳು, ಮುಷ್ಟಿ ನೋಡಿದಳು, ಎದ್ದು ಕೋಣೆಯ ಬಾಗಿಲು ತಳ್ಳಿ ಹಿಡಿದಳು.

ಮೇಡಂ, ಫೋನು, ಶಾಲೆಗೆ, ನನ್ನ ಮಗಳು, ಡಬ್ಬಿ, ನೀಲಿ ಮುಚ್ಚಳ, ಚೀಲದಲ್ಲಿ, ತೆರೆಯಬಾರದು, ಹನ್ನೊಂದಕ್ಕೆ ತೆರೀತಾಳೆ. ಮೇಡಂ ಒಂದೇ ಪ್ರಶ್ನೆ ಕೇಳಿದರು, ನಂಬರು. ನಂಬರು ಬಾಯಿಪಾಠ, ಗುಬ್ಬಿಯ ಕೊರಳ ಗುರುತುಪಟ್ಟಿಯ ಮೇಲೆ ತಾನೇ ಬರೆದದ್ದು, ಅಲ್ಲಿ ಬರೆದ ಕೈ ಮುಚ್ಚಳದ ಮೇಲೆ ಬರೆಯಲಿಲ್ಲ. ಗಂಟೆ ಹೋಗುತ್ತಿದೆ. ಹೋಗುತ್ತಿದೆ. ಹೋಗುತ್ತಲೇ ಇದೆ, ಅಲ್ಲಿ ಯಾವುದೋ ಮೇಜಿನ ಮೇಲೆ, ಯಾರೋ ಎಲ್ಲೋ ಚೀಟಿ ಹರಿಯುತ್ತ, ಎತ್ತಿರಪ್ಪಾ, ಎತ್ತಿ. ಹಲೋ, ಮೇಡಂ ಅಂದರು, ಒಂದನೇ ತರಗತಿ, ಆ ಮಗುವಿನ ಚೀಲ ಈಗಲೇ ನಿಮ್ಮ ಕೈಗೆ ತಗೊಳ್ಳಿ, ನೀಲಿ ಮುಚ್ಚಳದ ಡಬ್ಬಿ, ಮುಚ್ಚಿದ ಹಾಗೇ ಪಕ್ಕಕ್ಕಿಡಿ, ಕಾಯ್ತೀನಿ, ಇಲ್ಲ ಫೋನ್ ಇಡಲ್ಲ, ಕಾಯ್ತೀನಿ. ಬಾಗಿಲಲ್ಲಿ ಅತ್ತೆ, ಏನಾಯ್ತೇ, ಮಗೂಗೇನಾಯ್ತು, ಹಿಂದೆ ಅವನು, ಎದೆ ಖಾಲಿ, ಏನು ಡಬ್ಬಿ. ಫೋನಿನ ಒಳಗೆ ದೂರದಲ್ಲಿ ಮಕ್ಕಳ ಗದ್ದಲ, ಕೆರೆಯ ಆಚೆ ದಡದಲ್ಲಿ ಹಕ್ಕಿಗಳ ಹಾಗೆ, ಅದರಲ್ಲಿ ಯಾವ ಚಿಲಿಪಿಲಿ ತನ್ನದು ಅಂತ ಅವಳು ಕಿವಿಗೊಟ್ಟಳು, ಗೊತ್ತಾಗಲಿಲ್ಲ, ಹೆತ್ತವಳಿಗೆ ಗೊತ್ತಾಗುತ್ತದೆ ಅನ್ನುತ್ತಾರೆ, ಗೊತ್ತಾಗಲಿಲ್ಲ. ಅಂಗೈಯಲ್ಲಿ ಹಲ್ಲು ಬೆವರಿಗೆ ಅಂಟಿದೆ. ಅಕ್ಕಿಕಾಳಿನಷ್ಟು, ಬುಡದಲ್ಲಿ ಕೆಂಪು ಚುಕ್ಕೆ. ಹಾಂ ಹೇಳಿ, ಮೇಡಂ ಅಂದರು, ಹಾಂ, ಹಾಂ, ಅವರ ಭುಜ ಇಳಿಯಿತು, ಸಿಕ್ಕಿತಂತೆ, ತೆರೆದಿಲ್ಲ, ಮಗು ಡೆಸ್ಕಿನೊಳಗೆ ಬಚ್ಚಿಟ್ಟು ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲವಂತೆ, ಹಲ್ಲು ನಿದ್ದೆ ಮಾಡ್ತಿದೆ, ಹನ್ನೊಂದಕ್ಕೆ ನಾನೇ ಎಬ್ಬಿಸ್ತೀನಿ ಅಂತಂತೆ. ಟೈಪಿಸ್ಟಿನ ಕೈ ಹಿಂದಿನಿಂದ ಬಂದು ಅವಳ ತೋಳು ಹಿಡಿಯಿತು, ಆ ಕೈ ತಣ್ಣಗಿತ್ತು. ಮೇಡಂ ಫೋನಿನ ಬಾಯಿಗೆ ಅಂಗೈ ಮುಚ್ಚಿದರು. ಹೆಡ್‌ಮಿಸ್ ಕೇಳ್ತಿದ್ದಾರೆ ಒಳಗೇನಿದೆ ಅಂತ. ನಾನು ಏನು ಹೇಳಲಿ. ಎಲ್ಲರ ಕಣ್ಣೂ ಮೇಡಂ ಮುಖದಿಂದ ಅವಳ ಮುಖಕ್ಕೆ ಬಂದು ಅಲ್ಲಿ ನಿಲ್ಲದೆ ಅವನ ಕಡೆಗೆ ಹೋದವು, ನೀರು ತಗ್ಗಿಗೆ ಹರಿದ ಹಾಗೆ, ಯಾರೂ ಕಳಿಸಬೇಕಾಗಿರಲಿಲ್ಲ. ಅಯ್ಯೋ, ಅತ್ತೆ ಎದೆ ಹಿಡಿದುಕೊಂಡರು, ಅಯ್ಯೋ ನಿನ್ನದೇನೋ, ಇನ್ನೂ ಉಳಿಸಿದ್ಯಾ, ಆ ಹಸುಗೂಸಿನ ಚೀಲದಲ್ಲಿ. ಅವನು ಬಿಳಿಚಿಕೊಂಡ. ತೊಂಬತ್ತು ದಿನ ಒಪ್ಪಿಕೊಳ್ಳುವುದನ್ನೇ ಕಲಿತವನು, ನೆನಪಿನ ಎಲ್ಲ ಮೂಲೆಗೂ ಕೈ ಹಾಕಿ ತಡಕುತ್ತಿರುವುದು ಕಣ್ಣಲ್ಲಿ ಕಾಣುತ್ತಿತ್ತು, ಕಿಟಕಿಯ ಹಿಂದೆ, ಅಟ್ಟದಲ್ಲಿ, ಅವಳ ಮೇಜಿನ ಕೆಳಗೆ, ಎಲ್ಲಿಟ್ಟಿದ್ದೆ, ಯಾವಾಗ ಇಟ್ಟಿದ್ದೆ. ನಂದೇ ಇರಬೇಕು ಮೇಡಂ, ಅಂದ. ನೆನಪಿಲ್ಲ. ನಂದೇ ಇರಬೇಕು. ಇಷ್ಟೇ. ಈಗ ಅವಳು ಏನೂ ಹೇಳಬೇಕಾಗಿಲ್ಲ, ಸುಳ್ಳು ಕೂಡ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ಅವಳಿಗೆ ಬಂದೇ ಬರುತ್ತದೆ, ತುಟಿ ಮುಚ್ಚಿಕೊಂಡು, ಹೌದು ಅತ್ತೆ, ನಾಳೆ ಮತ್ತೆ ಹಿತ್ತಿಲ ಬಾಗಿಲು, ನಾಳೆ ಮತ್ತೆ ಬೆಳಿಗ್ಗೆ ಬರೀತೀನಿ ಮಲಗು, ಗುಬ್ಬಿಯ ಇನ್ನೊಂದು ಹಲ್ಲೂ ಅಲ್ಲಾಡುತ್ತಿದೆ, ಅದು ಬಿದ್ದಾಗ ಎಷ್ಟು ಹೊತ್ತು ನಿಂತಿರುತ್ತದೆ ಬಾಯಲ್ಲಿ ರಕ್ತ ಒಣಗಿಸಿಕೊಂಡು, ಮೇಜಿನ ಪಕ್ಕ, ಇರು ಪುಟ್ಟಾ ಬಂದೆ — ನಾಲಿಗೆ ಆ ಅಂಚಿಗೆ ಹೋಯಿತು. ಉಪ್ಪುಪ್ಪು. ಅವಳು ಕರವಸ್ತ್ರವನ್ನು ಬಾಯಿಂದ ತೆಗೆದಳು, ಮೇಜಿನ ಮೇಲಿಟ್ಟಳು, ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದಳು, ಮೇಸ್ತ್ರಿ ಅಚ್ಚನ್ನು ಹಿಡಿದ ಹಾಗೆ, ಬಾಯಿ ತೆರೆದಳು. ಅಗಲವಾಗಿ. ಆರು ಕಡೆ ತೂತು, ಮೂರು ಕಡೆ ಮೊಟಕು. ಮೇಡಂ ನೋಡಿದರು, ಅವನು ನೋಡಿದ, ಅತ್ತೆ ನೋಡಿದರು, ನೋಡಿ ಒಂದು ಹೆಜ್ಜೆ ಹಿಂದೆ ಸರಿದರು, ಗುಬ್ಬಿ ಇನ್ನು ನನ್ನ ಹತ್ತಿರ ಅಂತ ಆ ಹೆಜ್ಜೆಯೇ ಹೇಳಿತು, ಅವಳಿಗೆ ಕೇಳಿಸಿತು, ಕೇಳಿಸಿದರೂ ಬಾಯಿ ಮುಚ್ಚಲಿಲ್ಲ, ಫೋನಿನೊಳಗೆ ಹಕ್ಕಿಗಳು, ನಂದು ಅಂದಳು, ಮೇಡಂ, ನಂದು, ಎರಡೇ ಮಾತು, ಆಮೇಲೆ ಇನ್ನೇನು, ಆಮೇಲೆ ಉಗ್ರಾಣದ ಕೋಣೆ, ಎರಡನೆಯ ಹಾಸಿಗೆ, ಹೊಡೆದು ಹಾಕಿದ ಹೆಂಡತಿಯ ಸಹಿ, ಆಮೇಲೆ, ಆಮೇಲೆ, ಮುಷ್ಟಿ ಬಿಚ್ಚಿತು, ಅಂಗೈಯಲ್ಲಿ ಹಲ್ಲು, ಸಣ್ಣದು, ಅಕ್ಕಿಕಾಳಿನಷ್ಟು, ಬೆಳ್ಳಗೆ, ಒಂದೂ ಹುಳುಕಿಲ್ಲ, ಬುಡದಲ್ಲಿ ಕೆಂಪು ಚುಕ್ಕೆ, ಕೆಂಪು ಚುಕ್ಕೆ.